ಜಲಗಾರನ ಬೀದಿ ಮತ್ತು ಅನುಮತಿಯ ಪ್ರಶ್ನೆ

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು, ಷೇಕ್ಸ್‌ಪಿಯರನ 'ಹ್ಯಾಮ್ಲೆಟ್' ನಾಟಕವನ್ನು ಡೆನ್ಮಾರ್ಕಿನಿಂದ ಕಿತ್ತು ಬಿದನೂರಿನಲ್ಲಿ ನೆಟ್ಟಾಗ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. 1616ರಲ್ಲಿ ತೀರಿಕೊಂಡವನ ನಾಟಕಕ್ಕೆ ವಾರಸುದಾರರು ಎಲ್ಲಿಂದ ಬರಬೇಕು? 'ರಕ್ತಾಕ್ಷಿ' ಹೀಗೆ ಮಲೆನಾಡಿನ ನಾಟಕವಾಯಿತು, 'ಟೆಂಪೆಸ್ಟ್' 'ಬಿರುಗಾಳಿ'ಯಾಯಿತು. ನಮ್ಮ ವಿಮರ್ಶೆ ಇದನ್ನು ರೂಪಾಂತರವೆಂದು ಕರೆದು ಮೆಚ್ಚಿಕೊಂಡಿತು. ಅದೇ ಕುವೆಂಪು 1944ರ 'ಶೂದ್ರ ತಪಸ್ವಿ'ಯಲ್ಲಿ ರಾಮನ ಬ್ರಹ್ಮಾಸ್ತ್ರ ಶಂಬೂಕನನ್ನು ಬಿಟ್ಟು ಬ್ರಾಹ್ಮಣನ ಬೆನ್ನು ಹತ್ತುವಂತೆ ಮಾಡಿದಾಗ ಮಾತ್ರ ತಕರಾರು ಬಂತು. ಹೊಸದನ್ನು ಹೇಳುವುದಕ್ಕೆ ಹಳೆಯ ಕಥೆಯನ್ನೇ ಯಾಕೆ ಮಾರ್ಪಡಿಸಬೇಕು ಎಂಬುದು ಮಾಸ್ತಿಯವರ ಆಕ್ಷೇಪದ ತಿರುಳು. ಮಾಸ್ತಿಯವರ ಪ್ರಾಮಾಣಿಕತೆಯನ್ನು ನಾನು ಶಂಕಿಸುತ್ತಿಲ್ಲ. ಆದರೆ ಡೆನ್ಮಾರ್ಕನ್ನು ಎತ್ತಿಡಬಹುದು, ಶಂಬೂಕನ ಕೊರಳ ಮೇಲಿನ ಕತ್ತಿಯನ್ನು ಎತ್ತಿಡಬಾರದು ಎಂಬ ಈ ಅಲಿಖಿತ ಕಾನೂನು ಯಾವ ಕಾಯಿದೆ ಪುಸ್ತಕದಲ್ಲಿದೆ? ನಾಟಕವನ್ನು ಬದಲಿಸಲು ಯಾರನ್ನು ಕೇಳಬೇಕು ಎಂಬುದು ವಕೀಲರಿಗಷ್ಟೇ ಬಿಡಬಹುದಾದ ಪ್ರಶ್ನೆಯಲ್ಲ.

ನಾನು ಪಾಠ ಮಾಡಿಕೊಂಡು ತಿರುಗಾಡುವ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ನಾಟಕದ ಗದ್ದಲ. (ಎಡೇಹಳ್ಳಿಯನ್ನು ನರಸಿಂಹರಾಜಪುರ ಮಾಡುವಾಗ ಅಲ್ಲಿನ ಕೇರಿಯವರನ್ನು ಯಾರಾದರೂ ಕೇಳಿದ್ದರೇ ಎಂಬುದು ಬೇರೆ ಮಾತು, ಇರಲಿ.) ನಮ್ಮೂರಿನ ಕವಿ ಎಂಬ ಹೆಮ್ಮೆಯಿಂದ ಕುವೆಂಪು ನಾಟಕವನ್ನೇ ಮೇಷ್ಟ್ರುಗಳು ಆರಿಸುತ್ತಾರೆ. ಚಿಕ್ಕದು, ಖರ್ಚಿಲ್ಲದ್ದು ಅಂತ 'ಜಲಗಾರ'ಕ್ಕೆ ಕೈಹಾಕುವುದೂ ಉಂಟು. ಆ ನಾಟಕದಲ್ಲಿ ಊರೆಲ್ಲ ಶಿವನ ಗುಡಿಯ ಕಡೆಗೆ ನಡೆಯುತ್ತದೆ, ಬೀದಿ ಗುಡಿಸುವವನು ಬೀದಿಯಲ್ಲೇ ಉಳಿಯುತ್ತಾನೆ. ಕೊನೆಗೆ ಶಿವ ಗುಡಿಯಲ್ಲಿ ಸಿಗುವುದಿಲ್ಲ, ತಾನೂ ಜಲಗಾರನಾಗಿ ಬೀದಿಗೆ ಬರುತ್ತಾನೆ. ಬೀದಿ ಮತ್ತು ಗುಡಿ, ಈ ಎರಡರ ನಡುವಿನ ದೂರವೇ ನಾಟಕ.

ಈ ಸೀಮೆಯ ಒಂದು ಶಾಲೆಯಲ್ಲಿ ನಾನು ನೋಡಿದ ಪ್ರಯೋಗದಲ್ಲಿ ಗುಡಿಯೇ ಇರಲಿಲ್ಲ. ಸ್ಥಳ ಒಂದು ಉದ್ಯಾನವನ. ಸಮವಸ್ತ್ರದ ಮಕ್ಕಳೆಲ್ಲ ಹೊಸ ಪೊರಕೆ ಹಿಡಿದು ಪ್ಲಾಸ್ಟಿಕ್ ಆಯ್ದರು. ಶಿವ ಬಂದು ಸ್ವಚ್ಛತೆಯ ಪ್ರಮಾಣವಚನ ಬೋಧಿಸಿದ. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಶುರುವಾದ ಮೇಲೆ ಪೊರಕೆ ಹಿಡಿದು ಫೋಟೋಕ್ಕೆ ನಿಲ್ಲುವುದು ಯಾರಿಗೂ ಅವಮಾನವಲ್ಲ, ಒಂದು ದಿನದ ಮಟ್ಟಿಗೆ. ಆ ಸಭೆಯಲ್ಲಿ ಪಟ್ಟಣ ಪಂಚಾಯಿತಿಯ ಪೌರಕಾರ್ಮಿಕರ ಮಕ್ಕಳೂ ಇದ್ದರು. ಅವರಿಗೆ ಸಿಕ್ಕಿದ್ದು ಮರದ ಪಾತ್ರ. ಕವಿಯ ವಾರಸುದಾರರನ್ನು ಕೇಳಿದಿರಾ ಎಂದದ್ದಕ್ಕೆ, "ಒಳ್ಳೇದಕ್ಕೆ ಬದಲಾಯಿಸೋದಕ್ಕೆ ಯಾಕ್ರೀ ಪರ್ಮಿಶನ್ನು?" ಅಂತ ಮರುಪ್ರಶ್ನೆ ಬಂತು.

ಈಗ ಇನ್ನೊಂದು ಬದಲಾವಣೆಯನ್ನು ಊಹಿಸಿಕೊಳ್ಳಿ. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ಒಕ್ಕಲೆಬ್ಬಿಸುವುದರ ವಿರುದ್ಧ ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. 'ಜಲಗಾರ'ವನ್ನು ಆ ಪುರಸಭೆಯ ಅಂಗಳಕ್ಕೆ ತಂದರೆ ಹೇಗೆ? ಶಿವ ಅಲ್ಲಿಗೆ ಯಾವ ವೇಷದಲ್ಲಿ ಬರುತ್ತಾನೆ? ಉದ್ಯಾನವನವೂ ಬದಲಾವಣೆಯೇ, ಸವಣೂರೂ ಬದಲಾವಣೆಯೇ. ಒಂದು ಜಾತಿಯನ್ನು ಒರೆಸಿಹಾಕುತ್ತದೆ, ಇನ್ನೊಂದು ಅದನ್ನು ಮುಖಕ್ಕೆ ಹಿಡಿಯುತ್ತದೆ. ಕಾನೂನಿನ ಕಣ್ಣಿಗೆ ಎರಡೂ ಒಂದೇ.

ಕಾನೂನು ಏನು ಹೇಳುತ್ತದೆಂದು ನಮ್ಮ ವಿದ್ಯಾರ್ಥಿಗಳಿಗೂ ಕಾರ್ಯಕರ್ತರಿಗೂ ಗೊತ್ತಿರಬೇಕು, ಯಾಕೆಂದರೆ ಇಲ್ಲಿ ಗೊಂದಲವೇ ಜಾಸ್ತಿ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕ ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಕುವೆಂಪು ತೀರಿಕೊಂಡದ್ದು 1994ರ ನವೆಂಬರಿನಲ್ಲಿ, ಹಾಗಾಗಿ 2054ರ ಕೊನೆಯವರೆಗೆ. 52ನೇ ಕಲಂ ಶಾಲೆಗಳಿಗೆ ಒಂದು ವಿನಾಯಿತಿ ಕೊಟ್ಟಿದೆ: ಶಾಲೆಯ ಚಟುವಟಿಕೆಯಾಗಿ ಅಧ್ಯಾಪಕರು, ವಿದ್ಯಾರ್ಥಿಗಳು ಆಡಿದರೆ, ನೋಡುವವರು ಅವರೇ, ಅವರ ತಂದೆತಾಯಿ, ಪೋಷಕರು ಮತ್ತು ಸಂಸ್ಥೆಗೆ ಸಂಬಂಧಪಟ್ಟವರೇ ಆಗಿದ್ದರೆ ಉಲ್ಲಂಘನೆಯಲ್ಲ. ಹವ್ಯಾಸಿ ಸಂಘ ಪ್ರೇಕ್ಷಕರಿಂದ ಹಣ ತೆಗೆದುಕೊಳ್ಳದೆ ಆಡುವುದಕ್ಕೂ ವಿನಾಯಿತಿಯುಂಟು. ಆದರೆ ಇದು ಆಡುವುದಕ್ಕೆ ಕೊಟ್ಟ ವಿನಾಯಿತಿ. ಬದಲಿಸುವುದು, ರೂಪಾಂತರಿಸುವುದು ಬೇರೆಯದೇ ಹಕ್ಕು, ಅದು ಲೇಖಕನದು. ಅದರ ಮೇಲೆ 57ನೇ ಕಲಂ ಇದೆ. ತಿರುಚಿದ್ದರಿಂದ ಲೇಖಕನ ಗೌರವಕ್ಕೆ, ಹೆಸರಿಗೆ ಧಕ್ಕೆಯಾದರೆ ಅವನೂ, ಅವನ ನಂತರ ವಾರಸುದಾರರೂ ಕೇಳಬಹುದು.

ಕರ್ನಾಟಕದಲ್ಲಿ ಈ ಪ್ರಶ್ನೆ ಕೋರ್ಟು ಹತ್ತಿದ್ದು ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಗಳಿಂದ. ಕಾರಂತರು 1994ರ ಉಯಿಲಿನಲ್ಲಿ ಹಕ್ಕನ್ನು ಮಾಲಿನಿ ಮಲ್ಯ ಅವರಿಗೆ ಬಿಟ್ಟು 1997ರಲ್ಲಿ ತೀರಿಕೊಂಡರು. 2001ರ ಸೆಪ್ಟೆಂಬರಿನಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದೆಹಲಿಯಲ್ಲಿ 'ಅಭಿಮನ್ಯು ವಧೆ'ಯನ್ನು ಆಡಿಸಿತು. ಮಲ್ಯ ದಾವೆ ಹೂಡಿದರು. ಉಡುಪಿಯ ಜಿಲ್ಲಾ ನ್ಯಾಯಾಲಯ 2003ರಲ್ಲಿ, ಹೈಕೋರ್ಟು 2007ರಲ್ಲಿ ಅವರ ಪರವಾಗಿ ತೀರ್ಪಿತ್ತವು. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಹಕ್ಕನ್ನು ಒಪ್ಪಿಕೊಂಡೇ, 52ನೇ ಕಲಮಿನ ವಿನಾಯಿತಿಗಳು ಅಕಾಡೆಮಿಗೂ ಉಂಟು ಎಂದು ಸ್ಪಷ್ಟಪಡಿಸಿತು. ಅಭಿಮನ್ಯು ಯಾರ ಆಸ್ತಿಯೂ ಅಲ್ಲ, ಕಾರಂತರು ಕಟ್ಟಿದ ಅಭಿಮನ್ಯು ಮಾತ್ರ ಅವರದು. ಈ ವ್ಯತ್ಯಾಸ ನಮಗೆ ತುಂಬ ಮುಖ್ಯ.

ಯಾಕೆಂದರೆ ಏಕಲವ್ಯನ ಮೇಲೆ ಕುವೆಂಪು 1947ರಲ್ಲಿ 'ಬೆರಳ್‌ಗೆ ಕೊರಳ್' ಬರೆದರು, ಸಿದ್ಧಲಿಂಗಯ್ಯ 'ಏಕಲವ್ಯ' ಬರೆದರು. ಇಬ್ಬರೂ ವ್ಯಾಸನಿಗೆ ಅರ್ಜಿ ಹಾಕಲಿಲ್ಲ. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಸುಟ್ಟ ಸುದ್ದಿಯನ್ನು ಸಮುದಾಯ ತಂಡ ಬೀದಿ ನಾಟಕ ಮಾಡಿ ಕರ್ನಾಟಕದ ಊರೂರಿನಲ್ಲಿ ಆಡಿತು. ನಡೆದ ಘಟನೆಗೂ ಒಡೆಯರಿಲ್ಲ. ಪುರಾಣ, ಚರಿತ್ರೆ, ನಾವು ಉಂಡ ನೋವು, ಇವುಗಳ ಸ್ಥಳವನ್ನೂ ಅಂತ್ಯವನ್ನೂ ಬದಲಿಸಲು ದಲಿತ ಹುಡುಗರು ಯಾವ ಮಠದ, ಯಾವ ವಿದ್ವಾಂಸನ ಒಪ್ಪಿಗೆಗೂ ಕಾಯಬೇಕಿಲ್ಲ. ಶೃಂಗೇರಿಯ ತುಂಗೆಯ ದಡದಲ್ಲೇ ಶಂಬೂಕನನ್ನು ಕೂರಿಸಲಿ.

ಆದರೆ ಒಬ್ಬ ಲೇಖಕ ಬರೆದ ಮಾತನ್ನೇ ಎತ್ತಿಕೊಳ್ಳುವಾಗ ಕೇಳಬೇಕು ಎಂಬುದು ನನ್ನ ನಿಲುವು. ನನ್ನ ಗೆಳೆಯರು ಕೆಲವರು ಒಪ್ಪುವುದಿಲ್ಲ. ಕೃತಿಸ್ವಾಮ್ಯ ಅನ್ನೋದೇ ಆಸ್ತಿವಂತರ ಕಾನೂನು, ಸಂಸ್ಕೃತಿ ಎಲ್ಲರದು ಅನ್ನುತ್ತಾರೆ. ಎಲ್ಲರದು ಅಂದಾಗಲೆಲ್ಲ ಅದು ಯಾರ ಕೈಗೆ ಹೋಗಿದೆ ಎಂಬುದನ್ನು ತಮಟೆ ಬಾರಿಸಿದವರನ್ನು ಕೇಳಿ. ಹಾಡು ಅವರದು, ಹೆಸರು ಸಂಪಾದಕರದು. ಹೊಲ, ಬಾವಿ, ಗುಡಿ ಯಾವುದರ ಮೇಲೂ ಹಕ್ಕಿಲ್ಲದ ಕೇರಿಯಿಂದ ಬಂದವನಿಗೆ ತಾನು ಬರೆದ ಮಾತಿನ ಮೇಲೆ ಕಾನೂನು ಒಂದು ಹಕ್ಕು ಕೊಟ್ಟಿದೆ. 'ಪಂಚಮ', 'ನೆಲಸಮ', 'ಏಕಲವ್ಯ' ಬರೆದ ಸಿದ್ಧಲಿಂಗಯ್ಯ ತೀರಿಕೊಂಡದ್ದು 2021ರಲ್ಲಿ. 2081ರ ಕೊನೆಯವರೆಗೆ ಅವರ ಮನೆಯವರನ್ನು ಕೇಳಿಯೇ ಆ ನಾಟಕಗಳ ಕೇರಿಯನ್ನು ಅತ್ತಿತ್ತ ಮಾಡಬೇಕು. ಇಲ್ಲದಿದ್ದರೆ ನಾಳೆ ಯಾವುದೋ ಶಾಲೆ 'ಪಂಚಮ'ದಲ್ಲೂ ಒಂದು ಉದ್ಯಾನವನ ತೆರೆಯುತ್ತದೆ, ನಾವು ಬಾಯಿಬಿಡಲು ದಾರಿಯೇ ಇರುವುದಿಲ್ಲ.

ಕೇಳುವುದು ದೊಡ್ಡ ಕೆಲಸವಲ್ಲ. ಪುಸ್ತಕದ ಪ್ರಕಾಶಕರಿಗೆ ಬರೆದರೆ ಹಕ್ಕುದಾರರ ವಿಳಾಸ ಸಿಗುತ್ತದೆ. ಯಾವ ನಾಟಕ, ಯಾವ ದೃಶ್ಯ, ಎಲ್ಲಿಂದ ಎಲ್ಲಿಗೆ ಸ್ಥಳ ಬದಲು, ಯಾವ ಮಾತು ಬಿಡುತ್ತೀರಿ, ಯಾವುದನ್ನು ಸೇರಿಸುತ್ತೀರಿ, ಶಾಲೆಯೊಳಗೋ, ಟಿಕೆಟ್ ಇಟ್ಟು ಹೊರಗೋ, ಎಷ್ಟು ಪ್ರಯೋಗ, ಇಷ್ಟನ್ನು ಒಂದು ಪುಟದಲ್ಲಿ ಬರೆಯಬಹುದು. ಒಪ್ಪಿಗೆ ಬಾಯಿಮಾತಿನಲ್ಲಿ ಬೇಡ, ಕಾಗದದಲ್ಲೇ ಇರಲಿ. ಮುಖ್ಯವಾಗಿ, ಯಾಕೆ ಬದಲಿಸುತ್ತೀರಿ ಎಂದು ಬರೆಯಲೇಬೇಕಾಗುತ್ತದೆ. ಗುಡಿಯನ್ನು ತೆಗೆದು ಉದ್ಯಾನವನ ಮಾಡಿದ ಮೇಷ್ಟ್ರು ಆ ಒಂದು ಸಾಲನ್ನು ಹೇಗೆ ಬರೆಯುತ್ತಿದ್ದರೋ ಓದುವ ಕುತೂಹಲ ನನಗಿದೆ.