ಮನೆಯ ರೌಟರ್ ಮತ್ತು ಟಿವಿಯ ಸ್ಟ್ರೀಮಿಂಗ್ ಸಾಧನಗಳು

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಈಗ ಡಿಶ್ ಆಂಟೆನಾ ಅಪರೂಪ. ಊರಿನ ಸುದ್ದಿ, ಧಾರಾವಾಹಿ, ಕ್ರಿಕೆಟ್, ಸಿನಿಮಾ ಎಲ್ಲವೂ ಅಂತರಜಾಲದ ಮೂಲಕ ಬಂದು, ಟಿವಿಯ ಹಿಂದೆ ಸಿಕ್ಕಿಸಿದ ಪುಟ್ಟ ಕಡ್ಡಿಯೊಂದರಿಂದ ಪರದೆಗೆ ಇಳಿಯುತ್ತವೆ. ರೋಕು, ಫೈರ್ ಟಿವಿ, ಕ್ರೋಮ್‌ಕಾಸ್ಟ್, ಆಪಲ್ ಟಿವಿ ಎಂದು ಹೆಸರುಗಳು ಬೇರೆಯಾದರೂ ಇವು ಮಾಡುವ ಕೆಲಸ ಒಂದೇ. ಇವುಗಳನ್ನು ಕೊಳ್ಳುವಾಗ ನಾವು ತೋರುವ ಆಸ್ಥೆಯನ್ನು ಇವುಗಳಿಗೆ ಆಧಾರವಾದ ರೌಟರಿನ ಬಗ್ಗೆ ತೋರುವುದಿಲ್ಲ. ಇಪ್ಪತ್ತು ವರ್ಷಗಳಿಂದ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ನಾನೂ ತೋರಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಅಮ್ಮ ಉಡುಪಿಯ ಕಡೆಯಿಂದ ನ್ಯೂಜೆರ್ಸಿಯ ನಮ್ಮ ಮನೆಗೆ ಬಂದಿದ್ದರು. ಅವರು ಬಹಳ ಹಿಂದೆ ಹೇಳಿಕೊಂಡಿದ್ದ ಹರಕೆಯ ಬಯಲಾಟವೊಂದಿತ್ತು. ನಮ್ಮ ಕಡೆಯ ಹೆಸರಾಂತ ಯಕ್ಷಗಾನ ಮೇಳಗಳಲ್ಲಿ ಹರಕೆಯ ಆಟಕ್ಕೆ ವರ್ಷಗಟ್ಟಲೆ ಕಾಯಬೇಕಾಗುತ್ತದೆಂಬುದು ಕರಾವಳಿಯವರಿಗೆ ತಿಳಿದೇ ಇದೆ. ಮೇಳದವರು ದಿನ ಗೊತ್ತುಮಾಡಿ ತಿಳಿಸುವಷ್ಟರಲ್ಲಿ ಅಮ್ಮ ವಿಮಾನ ಹತ್ತಿಯಾಗಿತ್ತು. ಫೆಬ್ರುವರಿಯ ಒಂದು ರಾತ್ರಿ ತವರುಮನೆಯ ಅಂಗಳದಲ್ಲಿ ಆಟ. ಊರಿನ ಹುಡುಗನೊಬ್ಬ ಅದನ್ನು ಯೂಟ್ಯೂಬಿನಲ್ಲಿ ನೇರವಾಗಿ ಬಿತ್ತರಿಸುವುದೆಂದು ಏರ್ಪಾಡಾಯಿತು. ಅಲ್ಲಿ ರಾತ್ರಿ 9:30 ಎಂದರೆ ಚಳಿಗಾಲದಲ್ಲಿ ಇಲ್ಲಿ ಬೆಳಗಿನ 11 ಗಂಟೆ. ಅಮ್ಮ ಸ್ನಾನ ಮುಗಿಸಿ, ಸೀರೆ ಉಟ್ಟು, ಕೆಳಗಿನ ಕೋಣೆಯ ಟಿವಿಯ ಮುಂದೆ ಕುಳಿತರು. ಮೇಲಿನ ಕೋಣೆಯಲ್ಲಿ ನಾನು ಕಚೇರಿಯ ವಿಡಿಯೊ ಸಭೆಯಲ್ಲಿದ್ದೆ.

ಹತ್ತು ನಿಮಿಷ ನೆಟ್ಟಗೆ ನಡೆದ ಪ್ರಸಾರ ಬಳಿಕ ತಡವರಿಸತೊಡಗಿತು. ಪದ ನಡುವೆ ತುಂಡಾಗುವುದು, ವೃತ್ತವೊಂದು ಗಿರಗಿರನೆ ತಿರುಗುವುದು, ಚೆಂಡೆಯ ಒಂದು ಬಿಡ್ತಿಗೆ ಮುಗಿಯುವ ಮೊದಲೇ ವೇಷ ಕಲ್ಲಾಗಿ ನಿಲ್ಲುವುದು. "ಭಾಗವತರ ಸ್ವರ ಹೋದದ್ದಾ ಮಗಾ, ಅಲ್ಲ ನಿನ್ನ ಡಬ್ಬಿಯದ್ದಾ?" ಎಂದು ಅಮ್ಮ ಕೆಳಗಿನಿಂದ ಕೂಗಿ ಕೇಳಿದರು. ಊರಿನ ಮೊಬೈಲ್ ಸಂಪರ್ಕವೇ ಹಾಗೆ, ಏನೂ ಮಾಡುವಂತಿಲ್ಲವೆಂದು ಉತ್ತರಿಸಿ ನಾನು ಸಭೆಗೆ ಮರಳಿದೆ. ಸಭೆ ಮುಗಿಸಿ ಇಳಿದು ಬಂದಾಗ ಟಿವಿ ಆರಿತ್ತು. "ಬೇಡ ಬಿಡು, ನಿನ್ನ ಕೆಲಸ ಆಗಲಿ" ಎಂದರು. ಅದೇ ರಾತ್ರಿ ಮೈಸೂರಿನಲ್ಲಿರುವ ಸೋದರಮಾವ ಫೋನ್ ಮಾಡಿ, ಆಟವನ್ನು ಮಂಗಳದವರೆಗೂ ಒಂದು ಕ್ಷಣವೂ ನಿಲ್ಲದಂತೆ ನೋಡಿದೆನೆಂದು ಸಂತೋಷದಿಂದ ಹೇಳಿದರು. ದೋಷ ಊರಿನದಾಗಿರಲಿಲ್ಲ. ನಮ್ಮ ಮನೆಯದಾಗಿತ್ತು. ಮುಂದಿನ ಎರಡು ವಾರ ಅದನ್ನು ಹುಡುಕಿದ ಬಗೆಯನ್ನು, ಬೇರೆಯವರಿಗೂ ಉಪಯೋಗವಾದೀತೆಂಬ ಆಸೆಯಿಂದ, ಇಲ್ಲಿ ಬರೆಯುತ್ತಿದ್ದೇನೆ.

ವೇಗದ ಬಗೆಗಿನ ಭ್ರಮೆ

ಚಿತ್ರ ನಿಂತಾಗ ಎಲ್ಲರಿಗೂ ಮೊದಲು ಹೊಳೆಯುವುದು ಇನ್ನೂ ಹೆಚ್ಚಿನ ವೇಗದ ಪ್ಲಾನ್ ಕೊಳ್ಳುವುದು. ಸಂಪರ್ಕ ಕೊಡುವ ಕಂಪನಿಯ ಸಹಾಯವಾಣಿಯವರೂ ಅದನ್ನೇ ಹೇಳಿದರು. ಆದರೆ ನೆಟ್‌ಫ್ಲಿಕ್ಸ್ 1080 ಪಿಕ್ಸೆಲ್ ಗುಣಮಟ್ಟದ ಚಿತ್ರಕ್ಕೆ ಶಿಫಾರಸು ಮಾಡುವುದು ಸೆಕೆಂಡಿಗೆ 5 ಮೆಗಾಬಿಟ್, 4ಕೆ ಚಿತ್ರಕ್ಕೆ 15 ಮೆಗಾಬಿಟ್. ನಮ್ಮ ಮನೆಗೆ ಬರುತ್ತಿದ್ದುದು 300. ಮೂರು ಟಿವಿಗಳಲ್ಲಿ ಏಕಕಾಲಕ್ಕೆ 4ಕೆ ಚಿತ್ರ ಹಾಕಿದರೂ ಅದರ ಆರರಲ್ಲಿ ಒಂದು ಪಾಲು ಸಹ ಮುಗಿಯದು.

ಹಾಗಾದರೆ ಸಿನಿಮಾ ನಿಲ್ಲದೆ ಓಡುವ ಅದೇ ಟಿವಿಯಲ್ಲಿ ನೇರ ಪ್ರಸಾರ ಏಕೆ ತಡವರಿಸುತ್ತದೆ? ಸ್ಟ್ರೀಮಿಂಗ್ ಎಂಬುದು ನಳ್ಳಿಯ ನೀರಿನಂತೆ ಎಡೆಬಿಡದೆ ಸುರಿಯುವ ಧಾರೆಯಲ್ಲ. ಚಿತ್ರವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಹಲವು ಗುಣಮಟ್ಟಗಳಲ್ಲಿ ಸಿದ್ಧಪಡಿಸಿ ಇಟ್ಟಿರುತ್ತಾರೆ. ಟಿವಿಯ ಕಡ್ಡಿ ಒಂದೊಂದೇ ತುಣುಕನ್ನು ಕೇಳಿ ತರಿಸಿಕೊಂಡು ದಾಸ್ತಾನು ಮಾಡಿಕೊಳ್ಳುತ್ತದೆ. ಸಂಪರ್ಕ ಕುಂಟಿದರೆ ಕಡಿಮೆ ಗುಣಮಟ್ಟದ ತುಣುಕನ್ನು ಕೇಳುತ್ತದೆ. ಸಿನಿಮಾ ಈಗಾಗಲೇ ತಯಾರಾಗಿರುವ ವಸ್ತುವಾದುದರಿಂದ ಮುಂದಿನ ಹಲವು ತುಣುಕುಗಳನ್ನು ಮೊದಲೇ ತಂದಿಟ್ಟುಕೊಳ್ಳಬಹುದು. ನೇರ ಪ್ರಸಾರದಲ್ಲಿ ಮುಂದಿನ ತುಣುಕು ಇನ್ನೂ ಹುಟ್ಟಿಯೇ ಇರುವುದಿಲ್ಲ, ದಾಸ್ತಾನು ಕೆಲವು ಸೆಕೆಂಡುಗಳಷ್ಟೇ. ಆದ್ದರಿಂದ ಸಿನಿಮಾದಲ್ಲಿ ಗೊತ್ತೇ ಆಗದ ಹತ್ತು ಸೆಕೆಂಡಿನ ತೊಡಕು ಬಯಲಾಟವನ್ನು ನಿಲ್ಲಿಸಿಬಿಡುತ್ತದೆ. ಇಲ್ಲಿ ಮುಖ್ಯವಾದುದು ಗರಿಷ್ಠ ವೇಗವಲ್ಲ, ಸಂಪರ್ಕದ ಸ್ಥಿರತೆ.

ರೌಟರನ್ನು ಮುಟ್ಟುವ ಮೊದಲು ದೋಷ ಎಲ್ಲಿದೆಯೆಂದು ಗೊತ್ತುಮಾಡಿಕೊಳ್ಳಬೇಕು. ಅದೇ ಟಿವಿಯಲ್ಲಿ ಬೇರೊಂದು ನೇರ ಪ್ರಸಾರವನ್ನು ಹಾಕಿ ನೋಡುವುದು. ಅದೇ ಪ್ರಸಾರವನ್ನು ಫೋನಿನಲ್ಲಿ ವೈ-ಫೈ ಆರಿಸಿ, ಮೊಬೈಲ್ ಡೇಟಾದಿಂದ ನೋಡುವುದು. ಫೋನಿನಲ್ಲೂ ನಿಂತರೆ ತೊಂದರೆ ಕಳಿಸುವವರ ಕಡೆಯದು ಅಥವಾ ದಾರಿಯದು, ಅದಕ್ಕೆ ನಮ್ಮ ರೌಟರಿನಲ್ಲಿ ಮದ್ದಿಲ್ಲ. ಈ ಎರಡು ನಿಮಿಷದ ಪರೀಕ್ಷೆಯನ್ನು ಅಂದು ನಾನು ಮಾಡಿದ್ದರೆ ಅಮ್ಮನ ಆಟ ಉಳಿಯುತ್ತಿತ್ತು.

ರೌಟರಿನ ಸ್ಥಳ, ತರಂಗಗಳ ಪಟ್ಟಿ

ನಮ್ಮ ರೌಟರ್ ಇದ್ದುದು ನೆಲಮಾಳಿಗೆಯಲ್ಲಿ, ಲೋಹದ ಬಾಗಿಲಿನ ಪೆಟ್ಟಿಗೆಯ ಒಳಗೆ. ಕೇಬಲ್ ಮನೆಯನ್ನು ಪ್ರವೇಶಿಸುವ ಜಾಗ ಅದೆಂದು ಅಳವಡಿಸಲು ಬಂದವರು ಅಲ್ಲೇ ಇಟ್ಟು ಹೋಗಿದ್ದರು. ಲೋಹದ ಪೆಟ್ಟಿಗೆಯೊಳಗಿಂದ ರೇಡಿಯೊ ತರಂಗ ಹೊರಡಲಿ ಎಂದು ಬಯಸುವುದು ಮುಚ್ಚಿದ ಕೋಣೆಯಿಂದ ದೀಪದ ಬೆಳಕು ಅಂಗಳಕ್ಕೆ ಬೀಳಲಿ ಎಂದಂತೆ.

ವೈ-ಫೈ ಬಲವನ್ನು ಡಿಬಿಎಂ ಎಂಬ ಋಣ ಸಂಖ್ಯೆಯಲ್ಲಿ ಅಳೆಯುತ್ತಾರೆ. ಮೈನಸ್ 50 ಉತ್ತಮ. ವಿಡಿಯೊಗೆ ಮೈನಸ್ 67ರ ವರೆಗೆ ಚಿಂತೆಯಿಲ್ಲ. ಮೈನಸ್ 75 ದಾಟಿದರೆ ತೊಂದರೆ ಖಚಿತ. ಪ್ರತಿ 10ರ ಇಳಿಕೆಯೆಂದರೆ ಶಕ್ತಿ ಹತ್ತನೆಯ ಒಂದು ಪಾಲಾಯಿತೆಂದು ಅರ್ಥ. ಅಮ್ಮನ ಟಿವಿಯ ಬಳಿ ಮೈನಸ್ 74 ಇತ್ತು. ರೌಟರನ್ನು ಪೆಟ್ಟಿಗೆಯಿಂದ ಹೊರತೆಗೆದು, ಉದ್ದನೆಯ ತಂತಿಯಿಂದ ಮೊದಲ ಅಂತಸ್ತಿನ ನಡುಮನೆಯ ಕಪಾಟಿನ ಮೇಲೆ ಇಟ್ಟೊಡನೆ ಅದು ಮೈನಸ್ 61ಕ್ಕೆ ಬಂತು. ಇದಕ್ಕೆ ತಗುಲಿದ ಖರ್ಚು ಒಂದು ತಂತಿಯದು. ಅನೇಕರು ಇದನ್ನು ಮಾಡದೆ ಮೂರು ಪೆಟ್ಟಿಗೆಗಳ ಮೆಶ್ ವ್ಯವಸ್ಥೆ ಕೊಂಡು, ಅವುಗಳಲ್ಲೊಂದನ್ನು ಮತ್ತೆ ಅದೇ ಕಪಾಟಿನೊಳಗೆ ಇಡುವುದನ್ನು ಕಂಡಿದ್ದೇನೆ.

ಟಿವಿಯ ಕಡ್ಡಿಯ ಜಾಗವೂ ಮುಖ್ಯ. ಅದು ಟಿವಿಯ ಬೆನ್ನಿಗೆ ಅಂಟಿಕೊಂಡು, ಮುಂದಿನಿಂದ ಬರುವ ತರಂಗಕ್ಕೆ ಇಡೀ ಟಿವಿಯ ಮರೆಯಲ್ಲಿರುತ್ತದೆ. ಕಡ್ಡಿಯ ಜೊತೆ ಬರುವ, ನಾವು ಬಿಚ್ಚದೆ ಡ್ರಾಯರಿಗೆ ಎಸೆಯುವ ಗೇಣುದ್ದದ ಎಚ್‌ಡಿಎಂಐ ತುಂಡು ಇರುವುದು ಕಡ್ಡಿಯನ್ನು ಟಿವಿಯಿಂದ ಸ್ವಲ್ಪ ದೂರ ಸರಿಸುವುದಕ್ಕೇ.

ರೌಟರ್ ಎರಡು ಪಟ್ಟಿಗಳಲ್ಲಿ ಮಾತಾಡುತ್ತದೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಹೊಸ ರೌಟರುಗಳಲ್ಲಿ 6 ಗಿಗಾಹರ್ಟ್ಸ್ ಕೂಡ ಇದೆ. 2.4ರದು ಗೋಡೆ ದಾಟಿ ದೂರ ಹೋಗುತ್ತದೆ. ಆದರೆ ಒಂದನ್ನೊಂದು ಅತಿಕ್ರಮಿಸದ ಚಾನೆಲುಗಳು ಅಲ್ಲಿ ಮೂರೇ, 1, 6 ಮತ್ತು 11. ನೆರೆಹೊರೆಯವರೆಲ್ಲ ಅಲ್ಲೇ ಸೇರಿರುತ್ತಾರೆ. ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ 2.45 ಗಿಗಾಹರ್ಟ್ಸಿನ ಆಸುಪಾಸಿನಲ್ಲಿ. ನಮ್ಮ ಮನೆಯಲ್ಲಿ ಮಧ್ಯಾಹ್ನ ಅನ್ನ ಸಾರು ಬಿಸಿಮಾಡುವ ಹೊತ್ತು ಮತ್ತು ಟಿವಿ ನಿಲ್ಲುವ ಹೊತ್ತು ಒಂದೇ ಆಗಿದ್ದುದರ ಗುಟ್ಟು ಹೀಗೆ ಬಿಚ್ಚಿತು. ಟಿವಿಯನ್ನು 5 ಗಿಗಾಹರ್ಟ್ಸಿಗೆ ಸೇರಿಸುವುದು ಲೇಸು. ಎರಡೂ ಪಟ್ಟಿಗೆ ಒಂದೇ ಹೆಸರಿದ್ದರೆ ಕಡ್ಡಿ ಯಾವುದನ್ನು ಹಿಡಿಯುತ್ತದೆಂದು ಹೇಳಲಾಗದು. ಆದುದರಿಂದ 5ರ ಪಟ್ಟಿಗೆ ನಾನು ಬೇರೆಯೇ ಹೆಸರು ಕೊಟ್ಟು ಟಿವಿಗೆ ಅದೊಂದನ್ನೇ ತಿಳಿಸಿದೆ.

5 ಗಿಗಾಹರ್ಟ್ಸಿನಲ್ಲೂ ಒಂದು ಹೊಂಡವಿದೆ. 52ರಿಂದ 144ರ ವರೆಗಿನ ಚಾನೆಲುಗಳನ್ನು ರಾಡಾರುಗಳೂ ಬಳಸುತ್ತವೆ. ರಾಡಾರಿನ ಸದ್ದು ಕೇಳಿದರೆ ರೌಟರ್ ಕೂಡಲೇ ಆ ಚಾನೆಲನ್ನು ತೆರವು ಮಾಡಬೇಕೆಂಬುದು ನಿಯಮ; ಅಂಥದೇ ಇನ್ನೊಂದು ಚಾನೆಲಿಗೆ ಹೋಗುವ ಮುನ್ನ ಕನಿಷ್ಠ 60 ಸೆಕೆಂಡು ಕಿವಿಗೊಟ್ಟು ಕಾಯಬೇಕು. ಕೆಲವು ಸ್ಟ್ರೀಮಿಂಗ್ ಸಾಧನಗಳಿಗೆ ಈ ಚಾನೆಲುಗಳು ಕಾಣುವುದೇ ಇಲ್ಲ. ವಿಮಾನ ನಿಲ್ದಾಣದ ಹತ್ತಿರವಿರುವವರು ಚಾನೆಲನ್ನು "ಆಟೊ"ದಲ್ಲಿ ಬಿಡದೆ 36ರಿಂದ 48ರ ಒಳಗೆ ಅಥವಾ 149ರಿಂದ 161ರ ಒಳಗೆ ಕಟ್ಟಿಹಾಕುವುದು ಕ್ಷೇಮ.

ಸರತಿಯ ರೋಗ

ಇಷ್ಟೆಲ್ಲ ಮಾಡಿದರೂ ತಡವರಿಕೆ ಪೂರ್ತಿ ಹೋಗಲಿಲ್ಲ. ದಿನವೂ 11ರ ನಂತರ, ಅದೂ ಕೆಲಸದ ದಿನಗಳಲ್ಲೇ ಬರುತ್ತಿತ್ತು. ಲ್ಯಾಪ್‌ಟಾಪನ್ನು ರೌಟರಿಗೆ ತಂತಿಯಿಂದ ಜೋಡಿಸಿ ಹೊರಗಿನ ಸರ್ವರ್ ಒಂದಕ್ಕೆ ಪಿಂಗ್ ಕಳಿಸುತ್ತ ಕುಳಿತೆ. ಸಾಮಾನ್ಯವಾಗಿ 20 ಮಿಲಿಸೆಕೆಂಡಿನಲ್ಲಿ ಬರುವ ಉತ್ತರ ನನ್ನ ಸಭೆ ಶುರುವಾಗಿ, ಮಗಳ ಕಂಪ್ಯೂಟರ್ ಫೋಟೊಗಳನ್ನು ಮೇಲಕ್ಕೆ ಕಳಿಸತೊಡಗಿದೊಡನೆ 900ಕ್ಕೆ ಏರಿತು.

ಕೇಬಲ್ ಸಂಪರ್ಕಗಳಲ್ಲಿ ಕೆಳಮುಖದ ಹಾದಿ ಹೆದ್ದಾರಿಯಾದರೆ ಮೇಲ್ಮುಖದ್ದು ಓಣಿ. ನಮ್ಮದು 300ಕ್ಕೆ ಪ್ರತಿಯಾಗಿ 10. ಆ ಓಣಿ ತುಂಬಿದಾಗ ಮೋಡೆಮ್ ಪ್ಯಾಕೆಟ್ಟುಗಳನ್ನು ಬಿಡದೆ ಉದ್ದನೆಯ ಸರತಿಯಲ್ಲಿ ನಿಲ್ಲಿಸಿಕೊಳ್ಳುತ್ತದೆ. "ಮುಂದಿನ ತುಣುಕು ಕೊಡು" ಎಂದು ಟಿವಿ ಕಳಿಸುವ ಪುಟ್ಟ ಕೋರಿಕೆ ನೂರಾರು ಫೋಟೊಗಳ ಹಿಂದೆ ಸರತಿಯ ತುದಿಯಲ್ಲಿ ನಿಲ್ಲಬೇಕಾಗುತ್ತದೆ. ಕೆಳಗಿನ ಹೆದ್ದಾರಿ ಖಾಲಿಯಿದ್ದರೂ ಚಿತ್ರ ಬಾರದಿರುವುದು ಹೀಗೆ. ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರು. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಪ್ರಕಟಿಸಿದ ಕೋಡೆಲ್ ಎಂಬ ಕ್ರಮ ಇದಕ್ಕೆ ಮದ್ದು: ಸರತಿ ಎಷ್ಟು ಉದ್ದವಿದೆಯೆಂಬುದನ್ನು ನೋಡದೆ, ಪ್ಯಾಕೆಟ್ ಎಷ್ಟು ಹೊತ್ತು ಕಾಯಿತೆಂಬುದನ್ನು ನೋಡಿ ಅದು ನಿಯಂತ್ರಿಸುತ್ತದೆ. ಅದರ ಸುಧಾರಿತ ರೂಪ ಎಫ್‌ಕ್ಯೂ-ಕೋಡೆಲ್ ಒಂದೊಂದು ಹರಿವಿಗೂ ಬೇರೆ ಸರತಿ ಕೊಡುತ್ತದೆ. ಹೀಗಾಗಿ ಫೋಟೊಗಳ ರಾಶಿ ಟಿವಿಯ ಕೋರಿಕೆಗೆ ಅಡ್ಡ ಬರುವುದಿಲ್ಲ.

ರೌಟರಿನಲ್ಲಿ ಇದು ಎಸ್‌ಕ್ಯೂಎಂ ಅಥವಾ ಸ್ಮಾರ್ಟ್ ಕ್ಯೂ ಎಂಬ ಹೆಸರಿನಲ್ಲಿ ಇರುತ್ತದೆ. ಅಳೆದ ವೇಗದ ಶೇಕಡಾ 85ರಿಂದ 90ರಷ್ಟನ್ನು ಮಿತಿಯಾಗಿ ಬರೆಯಬೇಕು. ಆಗ ಸರತಿ ಮೋಡೆಮಿನಲ್ಲಿ ಬೆಳೆಯದೆ ನಮ್ಮ ರೌಟರಿನಲ್ಲೇ, ನಮ್ಮ ಅಂಕೆಯಲ್ಲಿ ಇರುತ್ತದೆ. ನನ್ನ ಹಳೆಯ ರೌಟರಿನಲ್ಲಿ ಈ ಸೌಲಭ್ಯವಿರಲಿಲ್ಲ, ಹೊಸದನ್ನು ಕೊಂಡೆ. ಇಡೀ ಪ್ರಯತ್ನದಲ್ಲಿ ಸಾರ್ಥಕವೆನಿಸಿದ ದೊಡ್ಡ ಖರ್ಚು ಇದೊಂದೇ. ಮೇಲ್ಮುಖಕ್ಕೆ 9 ಎಂದು ಬರೆದ ದಿನದಿಂದ ಪಿಂಗ್ 30 ದಾಟಿಲ್ಲ. ಸಾಧನಗಳನ್ನು ಒಂದೊಂದಾಗಿ ಆರಿಸಿ "ಆದ್ಯತೆ" ಕೊಡುವ ಹಳೆಯ ಬಗೆಯ ಕ್ಯೂಒಎಸ್ ಬಗ್ಗೆ ನನಗೆ ಅಷ್ಟು ನಂಬಿಕೆಯಿಲ್ಲ. ಇಂದು ಟಿವಿಗೆ ಕೊಟ್ಟ ಆದ್ಯತೆ ನಾಳೆ ಸಭೆಗೆ ಮುಳುವಾಗುತ್ತದೆ.

ಸಾಧ್ಯವಿದ್ದಲ್ಲಿ ಟಿವಿಗೆ ತಂತಿ ಎಳೆಯುವುದು ಎಲ್ಲಕ್ಕಿಂತ ಮೇಲು. ಅನೇಕ ಟಿವಿಗಳ ಈಥರ್ನೆಟ್ ಕಿಂಡಿ 100 ಮೆಗಾಬಿಟ್ಟಿನದೇ ಆದರೂ ಚಿತ್ರಕ್ಕೆ ಅದು ಧಾರಾಳ. ಗೋಡೆ ಕೊರೆಯಲಾಗದವರು, ಇಲ್ಲಿನ ಮನೆಗಳ ಕೋಣೆಗಳಲ್ಲಿ ಹಳೆಯ ಕೇಬಲ್ ಟಿವಿಗೆಂದು ಹಾಕಿದ ದುಂಡು ತಂತಿಯನ್ನೇ ಮೋಕಾ ಎಂಬ ಜೋಡಿ ಅಡಾಪ್ಟರುಗಳ ಮೂಲಕ ಬಳಸಬಹುದು. ಕೇಬಲ್ ಮನೆಯೊಳಗೆ ಬರುವಲ್ಲಿ ಅದಕ್ಕೊಂದು ಫಿಲ್ಟರ್ ಹಾಕಲು ಮರೆಯಬಾರದು, ಇಲ್ಲವಾದರೆ ನಮ್ಮ ಸಂಕೇತ ನೆರೆಮನೆಯ ತನಕ ಹೋಗುತ್ತದೆ.

ಫೋನಿನಿಂದ ಟಿವಿಗೆ ಕಳಿಸುವಾಗ

"ಕಾಸ್ಟ್" ಗುಂಡಿ ಕಾಣಿಸುತ್ತಿಲ್ಲವೆಂಬ ದೂರು ಬಂದಾಗ ಕಾರಣ ಬಹುಪಾಲು ಒಂದೇ: ಫೋನ್ ಮತ್ತು ಟಿವಿ ಬೇರೆ ಬೇರೆ ಜಾಲದಲ್ಲಿವೆ. ಫೋನ್ ತನ್ನ ಜಾಲದಲ್ಲಿ ಮಾತ್ರ ಕೇಳಿಸುವಂತೆ "ಇಲ್ಲಿ ಟಿವಿ ಯಾರಾದರೂ ಇದ್ದೀರಾ" ಎಂದು ಕೂಗುತ್ತದೆ. ಆ ಕೂಗು ಅತಿಥಿ ಜಾಲದಿಂದ ಮುಖ್ಯ ಜಾಲಕ್ಕೆ ದಾಟುವುದಿಲ್ಲ. ಅಮ್ಮನ ಫೋನನ್ನು ಬಂದ ದಿನ ನಾನೇ ಅತಿಥಿ ಜಾಲಕ್ಕೆ ಸೇರಿಸಿದ್ದೆ. ಮೂರು ತಿಂಗಳು ಅವರಿಗೆ ಊರಿನ ವಿಡಿಯೊಗಳನ್ನು ದೊಡ್ಡ ಪರದೆಯಲ್ಲಿ ನೋಡಲಾಗದಿದ್ದುದು ಅದರಿಂದ. ಕಂಪನಿ ಕೊಟ್ಟ ಮೋಡೆಮಿನಲ್ಲೂ ವೈ-ಫೈ ಇದ್ದು, ಅದರ ಹಿಂದೆ ನಮ್ಮದೊಂದು ರೌಟರ್ ಇದ್ದರೂ ಇದೇ ಗೊಂದಲ; ಮೊದಲಿನದನ್ನು ಬ್ರಿಜ್ ಸ್ಥಿತಿಗೆ ಹಾಕಬೇಕು. ಫೋನಿನಲ್ಲಿ ವಿಪಿಎನ್ ಚಾಲೂ ಇದ್ದರೂ ಟಿವಿ ಕಾಣದಿರಬಹುದು.

ಸುರಕ್ಷತೆಯ ಬಗ್ಗೆ ಒಂದೇ ಮಾತು, ಆದರೆ ಗಟ್ಟಿಯಾಗಿ. ಭಾರತದ ಎಲ್ಲ ಚಾನೆಲುಗಳೂ ಚಂದಾ ಇಲ್ಲದೆ ಬರುತ್ತವೆಂದು ನಮ್ಮವರ ನಡುವೆ ಕೈಯಿಂದ ಕೈಗೆ ಮಾರಾಟವಾಗುವ ಹೆಸರಿಲ್ಲದ ಆಂಡ್ರಾಯ್ಡ್ ಪೆಟ್ಟಿಗೆಗಳನ್ನು ಮನೆಯ ಜಾಲಕ್ಕೆ ಸೇರಿಸಬೇಡಿ. ಇಂಥ ಅಗ್ಗದ ಸಾಧನಗಳೊಳಗೆ ಅಡಗಿ, ಮನೆಯ ಸಂಪರ್ಕವನ್ನು ದುಷ್ಕರ್ಮಿಗಳಿಗೆ ತೆರೆದುಕೊಡುವ ಬ್ಯಾಡ್‌ಬಾಕ್ಸ್ 2.0 ಎಂಬ ಜಾಲದ ಬಗ್ಗೆ ಎಫ್‌ಬಿಐ 2025ರ ಜೂನ್‌ನಲ್ಲಿ ಸಾರ್ವಜನಿಕ ಎಚ್ಚರಿಕೆ ನೀಡಿದೆ. ರೌಟರಿನಲ್ಲಿ "ಪೋರ್ಟ್ ತೆರೆಯಿರಿ" ಎಂದು ಯಾವ ಸಾಧನದ ಕೈಪಿಡಿ ಹೇಳಿದರೂ ಸಂಶಯಪಡಿ. ಮನೆಯಲ್ಲಿ ಕುಳಿತು ಪ್ರಸಾರ ನೋಡುವುದಕ್ಕೆ ಅದು ಬೇಕಿಲ್ಲ.

ಕೊನೆಗೆ, ಎಲ್ಲ ಸರಿಯಿದ್ದೂ ಕೆಲವೊಮ್ಮೆ ಸುಮ್ಮನೆ ಆರಿಸಿ ಹೊತ್ತಿಸಬೇಕಾಗುತ್ತದೆ. ಅದಕ್ಕೂ ಕ್ರಮವಿದೆ. ಮೊದಲು ಮೋಡೆಮ್, ಅದರ ದೀಪ ಸ್ಥಿರವಾಗುವ ತನಕ ಎರಡು ಮೂರು ನಿಮಿಷ ಕಾಯಬೇಕು. ಬಳಿಕ ರೌಟರ್, ಆಮೇಲೆ ಟಿವಿಯ ಕಡ್ಡಿ. ಮೂರೂ ಪ್ಲಗ್ಗುಗಳಿಗೆ 1, 2, 3 ಎಂದು ಚೀಟಿ ಅಂಟಿಸಿ ಅಮ್ಮನಿಗೆ ತೋರಿಸಿದ್ದೆ. ಮಾರ್ಚಿನಲ್ಲಿ, ನಾನು ಕಚೇರಿಗೆ ಹೋಗಿದ್ದ ದಿನ, ಸಂಪರ್ಕ ಕಡಿದಿತ್ತಂತೆ. ಸಂಜೆ ನಾನು ಬಂದಾಗ ಅದನ್ನು ಹೇಳುವ ಮೊದಲು ಅಂದಿನ ಪ್ರಸಂಗದ ಕಥೆಯನ್ನೂ, ಹಾಸ್ಯಗಾರ ಆಡಿದ ಮಾತುಗಳನ್ನೂ ಪೂರ್ತಿ ಹೇಳಿದರು. "ಒಂದು, ಎರಡು, ಮೂರು ಹಾಕಿದೆ, ಬಂತು" ಎಂದದ್ದು ಊಟಕ್ಕೆ ಕುಳಿತ ಮೇಲೆ.