ಕಣ್ಣಿನ ತೊಂದರೆ: ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು?

ಕಣ್ಣು ಕೆಂಪಾಗಿ ನೀರು ಸುರಿದರೆ ನಾವು ಗಾಬರಿಗೊಂಡು ಮದ್ದಿನ ಅಂಗಡಿಗೆ ಓಡುತ್ತೇವೆ. ಅದೇ ಕಣ್ಣು ನೋವಿಲ್ಲದೆ ಮೆಲ್ಲಗೆ ಮಸುಕಾದರೆ "ವಯಸ್ಸಾಯಿತಲ್ಲ" ಎಂದು ಸುಮ್ಮನಿರುತ್ತೇವೆ. ವೈದ್ಯರು ಹೇಳುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಕೆಂಪಾದ ಕಣ್ಣುಗಳಲ್ಲಿ ಹೆಚ್ಚಿನವು ಒಂದೆರಡು ವಾರಗಳಲ್ಲಿ ತಾವಾಗಿಯೇ ಗುಣವಾಗುತ್ತವೆ. ದೃಷ್ಟಿಯನ್ನು ಶಾಶ್ವತವಾಗಿ ಕಸಿಯುವ ಹಲವು ಕಾಯಿಲೆಗಳು ನೋವು ಕೊಡುವುದೇ ಇಲ್ಲ. ಆದ್ದರಿಂದ ಯಾವ ಲಕ್ಷಣ ಕಂಡರೆ ಎಷ್ಟು ಬೇಗ ಹೋಗಬೇಕು ಎಂಬುದನ್ನು ಪ್ರತಿಯೊಂದು ಮನೆಯವರೂ ತಿಳಿದಿರುವುದು ಒಳ್ಳೆಯದು.

ಉದಾಹರಣೆಗಾಗಿ ಕರಾವಳಿಯಿಂದ ದೂರದ ಒಂದು ಊರನ್ನು ಆರಿಸಿಕೊಂಡಿದ್ದೇವೆ. ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಮಾಸ್ತಿ ನಮಗೆಲ್ಲ ಕಥೆಗಾರ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಹೆಸರಿನಿಂದ ಪರಿಚಿತ. ಆ ಸೀಮೆಯ ಜನ ಟೊಮೆಟೊ, ರಾಗಿ ಬೆಳೆಯುತ್ತಾರೆ, ರೇಷ್ಮೆ ಹುಳು ಸಾಕುತ್ತಾರೆ, ಹಸು ಕಟ್ಟುತ್ತಾರೆ. ಕಣ್ಣಿನ ತಜ್ಞರು ಬೇಕೆಂದರೆ ಬಸ್ಸು ಹತ್ತಿ ಮಾಲೂರಿಗೋ ಕೋಲಾರಕ್ಕೋ ಹೋಗಬೇಕು. ಅದಕ್ಕೆ ಒಂದು ದಿನದ ಕೂಲಿ ಬಿಡಬೇಕು. ನಮ್ಮ ಬೆಳ್ತಂಗಡಿ, ಕುಂದಾಪುರಗಳ ಒಳಹಳ್ಳಿಗಳ ಪರಿಸ್ಥಿತಿಯೂ ಇದೇ. "ಇವತ್ತೇ ಹೋಗಬೇಕೇ, ಸಂತೆಯ ದಿನ ಹೋದರೆ ಸಾಕೇ?" ಎಂಬುದು ಇಂಥ ಕಡೆ ನಿಜವಾದ ಪ್ರಶ್ನೆ.

ಗಂಟೆಗಳಲ್ಲೇ ಹೋಗಬೇಕಾದವು

1. ಸುಣ್ಣ, ಆಮ್ಲ, ಕೀಟನಾಶಕ ಕಣ್ಣಿಗೆ ಬಿದ್ದರೆ: ರೇಷ್ಮೆ ಹುಳುವಿನ ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸುವ ರೂಢಿಯಿದೆ. ಕರಾವಳಿಯಲ್ಲಿ ಎಲೆ ಅಡಿಕೆಯ ಸುಣ್ಣದ ಪೊಟ್ಟಣವನ್ನು ಮಕ್ಕಳು ಒತ್ತಿ ಆಡುವುದುಂಟು. ಸುಣ್ಣವು ಆಮ್ಲಕ್ಕಿಂತಲೂ ಆಳಕ್ಕೆ ಇಳಿದು ಸುಡುತ್ತದೆ. ಇಲ್ಲಿ ಮೊದಲ ಚಿಕಿತ್ಸೆ ಮನೆಯಲ್ಲೇ ಆಗಬೇಕು. ರೆಪ್ಪೆ ಬಿಡಿಸಿ ಹಿಡಿದು ಶುದ್ಧ ನೀರನ್ನು ಕನಿಷ್ಠ 20ರಿಂದ 30 ನಿಮಿಷ ಹರಿಸಿರಿ. ಕಾಣುವ ಸುಣ್ಣದ ಕಣಗಳನ್ನು ಒದ್ದೆ ಬಟ್ಟೆಯ ತುದಿಯಿಂದ ತೆಗೆಯಿರಿ. ಆಮೇಲೆಯೇ ಆಸ್ಪತ್ರೆಗೆ ಹೊರಡಿರಿ.

2. ಕಣ್ಣಿಗೆ ಏನಾದರೂ ಚುಚ್ಚಿಕೊಂಡರೆ: ಇಲ್ಲಿ ತೊಳೆಯಬಾರದು, ಒತ್ತಬಾರದು, ಚುಚ್ಚಿದ್ದನ್ನು ಕೀಳಬಾರದು. ಕಾಗದದ ಲೋಟವೊಂದನ್ನು ಕಣ್ಣಿಗೆ ತಾಗದಂತೆ ಮೇಲೆ ಮುಚ್ಚಿ ಕಟ್ಟಿ ಕರೆದೊಯ್ಯಿರಿ.

3. ದೃಷ್ಟಿ ಒಮ್ಮೆಲೇ ಹೋದರೆ: ನೋವಿಲ್ಲದಿದ್ದರೂ ಇದು ತುರ್ತು. ಇದ್ದಕ್ಕಿದ್ದಂತೆ ಮಿಂಚು ಹೊಳೆದಂತೆ ಕಾಣುವುದು, ಕಪ್ಪು ಚುಕ್ಕೆಗಳು ಗುಂಪಾಗಿ ತೇಲುವುದು, ಒಂದು ಬದಿಯಿಂದ ಪರದೆ ಇಳಿದಂತಾಗುವುದು ಅಕ್ಷಿಪಟಲ ಕಳಚುತ್ತಿರುವುದರ ಸೂಚನೆಯಾಗಿರಬಹುದು. ಒಂದು ವಸ್ತು ಎರಡಾಗಿ ಕಂಡು, ಜೊತೆಗೆ ಮುಖ ಸೊಟ್ಟಗಾದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು. 108ಕ್ಕೆ ಕರೆ ಮಾಡಿರಿ.

4. ತೀವ್ರ ಕಣ್ಣು ನೋವು, ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ: ಇದು ಕಣ್ಣಿನ ಒತ್ತಡ ಥಟ್ಟನೆ ಏರುವ ಗ್ಲಾಕೋಮಾ ಆಗಿರಬಹುದು. ವಾಂತಿಯಿರುವುದರಿಂದ ಪಿತ್ತವೆಂದು ತಿಳಿದು ಮನೆಮದ್ದು ಮಾಡುವವರಿದ್ದಾರೆ. ಒಂದು ರಾತ್ರಿ ತಡವಾದರೂ ನಷ್ಟವಾಗಬಹುದು.

ಒಂದೆರಡು ದಿನದೊಳಗೆ ತೋರಿಸಬೇಕಾದುದು

ಹೀಗೆ ಎಣಿಸಿಕೊಳ್ಳಿರಿ. ಮಾಸ್ತಿಯ ಬಳಿಯ ತೋಟದಲ್ಲಿ ಟೊಮೆಟೊ ಕೀಳುತ್ತಿದ್ದ ತಾಯಿಯೊಬ್ಬಳಿಗೆ ಗಿಡದ ಕಡ್ಡಿ ಕಣ್ಣಿಗೆ ತಾಗಿತು. ಸ್ವಲ್ಪ ಕೆಂಪು, ಸ್ವಲ್ಪ ಚುಚ್ಚು. ಮನೆಯಲ್ಲಿ ಯಾರಿಗೋ ಕೊಟ್ಟಿದ್ದ ಹನಿ ಮದ್ದು ಉಳಿದಿತ್ತು, ಹಾಕಿಕೊಂಡಳು. ಎರಡನೆಯ ದಿನ ಕೆಂಪು ಇಳಿಯಿತು. ಹತ್ತನೆಯ ದಿನ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಮೂಡಿತು, ದೃಷ್ಟಿ ಮಂಜಾಯಿತು.

ಆದದ್ದೇನು? ಗಿಡ, ಹುಲ್ಲು, ಪೈರಿನ ಗರಿ ತಾಗಿದ ಗಾಯದಲ್ಲಿ ಶಿಲೀಂಧ್ರ ಬೆಳೆಯಬಹುದು. ಉಳಿದಿದ್ದ ಹನಿಯಲ್ಲಿ ಸ್ಟೀರಾಯ್ಡ್ ಇದ್ದರೆ ಅದು ಕೆಂಪನ್ನು ಅಡಗಿಸುತ್ತದೆ, ಒಳಗಿನ ಹುಣ್ಣನ್ನು ಬೆಳೆಸುತ್ತದೆ. ಹುಣ್ಣು ಮಾಗಿದರೂ ಕಲೆ ಉಳಿದರೆ ಆ ಕಣ್ಣಿಗೆ ಕಾರ್ನಿಯಾ ಕಸಿಯೇ ಬೇಕಾದೀತು. ಭತ್ತದ ಕೊಯ್ಲಿನ ಕಾಲದಲ್ಲಿ ನಮ್ಮ ಕರಾವಳಿಯಲ್ಲೂ ಇದೇ ಅಪಾಯವಿದೆ. ಆದ್ದರಿಂದ ಹೊಲದಲ್ಲಿ ಕಣ್ಣಿಗೆ ಏನಾದರೂ ತಾಗಿ ಮರುದಿನವೂ ಚುಚ್ಚುತ್ತಿದ್ದರೆ, ಬೆಳಕು ನೋಡಲಾಗದಿದ್ದರೆ ಕಣ್ಣಿನ ವೈದ್ಯರಿಗೇ ತೋರಿಸಿರಿ. ಬಿಳಿ ಚುಕ್ಕೆ ಕಂಡರೆ ಅದೇ ದಿನ ಹೋಗಿರಿ. ಬೇರೆಯವರ ಹನಿ, ಹಳೆಯ ಹನಿ, ಎದೆಹಾಲು, ಸೊಪ್ಪಿನ ರಸ ಯಾವುದೂ ಬೇಡ.

ನೋವಿಲ್ಲದ ಕಳ್ಳರು

ಪೊರೆ: ಕಣ್ಣಿನೊಳಗಿನ ಮಸೂರ ಮಬ್ಬಾಗುವುದು. ಎದುರಿನ ವಾಹನದ ಬೆಳಕು ಕುಕ್ಕುತ್ತದೆ, ಕನ್ನಡಕದ ನಂಬರು ಪದೇ ಪದೇ ಬದಲಾಗುತ್ತದೆ. ಇದನ್ನು ಕರಗಿಸುವ ಹನಿ ಇಲ್ಲ. ಶಸ್ತ್ರಚಿಕಿತ್ಸೆಯೊಂದೇ ದಾರಿ, ಅದರಿಂದ ದೃಷ್ಟಿ ಮರಳುತ್ತದೆ. "ಪೊರೆ ಹಣ್ಣಾಗಲಿ" ಎಂದು ಕಾಯುವುದು ಹಳೆಯ ಮಾತು. ನಿತ್ಯದ ಕೆಲಸಕ್ಕೆ ಅಡ್ಡಿಯಾದಾಗಲೇ ಮಾಡಿಸಿಕೊಳ್ಳಬಹುದು. ಅತಿಯಾಗಿ ಹಣ್ಣಾದ ಪೊರೆ ಕಣ್ಣಿನ ಒತ್ತಡವನ್ನೇ ಏರಿಸಬಹುದು.

ಗ್ಲಾಕೋಮಾ: ಸಾಮಾನ್ಯ ವಿಧದಲ್ಲಿ ನೋವಿಲ್ಲ. ಅಂಚಿನ ದೃಷ್ಟಿ ಮೊದಲು ಹೋಗುತ್ತದೆ, ಹೋದದ್ದು ಮರಳುವುದಿಲ್ಲ. ತಂದೆ ತಾಯಿ, ಒಡಹುಟ್ಟಿದವರಿಗೆ ಇದ್ದರೆ 40ರ ನಂತರ ತಪ್ಪದೆ ಪರೀಕ್ಷಿಸಿಕೊಳ್ಳಬೇಕು.

ಸಕ್ಕರೆ ಕಾಯಿಲೆ: ಅಕ್ಷಿಪಟಲದ ರಕ್ತನಾಳಗಳು ಹಾಳಾದರೂ ಬಹಳ ಕಾಲ ದೃಷ್ಟಿ ಚೆನ್ನಾಗಿಯೇ ಇರುತ್ತದೆ. ದೊಡ್ಡವರಲ್ಲಿ ಕಾಯಿಲೆ ಪತ್ತೆಯಾದ ವರ್ಷದಿಂದಲೇ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಪರೀಕ್ಷೆ ಮಾಡಿಸಬೇಕು. ಕನ್ನಡಕದ ಅಂಗಡಿಯ ನಂಬರು ಪರೀಕ್ಷೆ ಇದಕ್ಕೆ ಸಾಲದು.

ಇವನ್ನು ಬೇಗ ಗುರುತಿಸಲು ಒಂದು ಸುಲಭ ಅಭ್ಯಾಸವಿದೆ. ತಿಂಗಳಿಗೊಮ್ಮೆ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಿರಿ, ನಂತರ ಇನ್ನೊಂದನ್ನು. ಎರಡೂ ಕಣ್ಣು ತೆರೆದಿರುವಾಗ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ಕೊರತೆಯನ್ನು ಮುಚ್ಚಿಬಿಡುತ್ತದೆ. ಆದರೆ ಗ್ಲಾಕೋಮಾದ ಆರಂಭ ಇದರಲ್ಲಿ ತಿಳಿಯದು ಎಂಬುದು ನೆನಪಿರಲಿ.

ಮಕ್ಕಳ ವಿಷಯ

ಮಗು ತನ್ನ ತೊಂದರೆಯನ್ನು ಹೇಳಲಾರದು. ಫೋಟೋದಲ್ಲಿ ಅಥವಾ ಬೆಳಕಿನಲ್ಲಿ ಪಾಪೆ ಬೆಳ್ಳಗೆ ಹೊಳೆದರೆ ತಡಮಾಡಬೇಡಿ. ಅದು ಕಣ್ಣಿನ ಕ್ಯಾನ್ಸರ್ ಕೂಡ ಆಗಿರಬಹುದು. ಮೆಳ್ಳೆಗಣ್ಣು ಅದೃಷ್ಟವೆಂದು ಬಿಡಬಾರದು. ಏಳೆಂಟು ವರ್ಷದೊಳಗೆ ಚಿಕಿತ್ಸೆಯಾಗದಿದ್ದರೆ ಆ ಕಣ್ಣು ನೋಡುವುದನ್ನೇ ಕಲಿಯದೆ ಉಳಿಯಬಹುದು. ಸಂಜೆಯಾದೊಡನೆ ಮಗು ತಡವರಿಸಿದರೆ ಅದು ವಿಟಮಿನ್ ಎ ಕೊರತೆಯ ಇರುಳುಗಣ್ಣಾಗಿರಬಹುದು. ಸರಕಾರವು ಒಂಬತ್ತನೆಯ ತಿಂಗಳಿನಿಂದ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಕೊಡುವ ವಿಟಮಿನ್ ದ್ರಾವಣವನ್ನು ತಪ್ಪಿಸಬೇಡಿ. ಅವಧಿಗೆ ಮುನ್ನ ಹುಟ್ಟಿದ, ಎರಡು ಕಿಲೋಗಿಂತ ಕಡಿಮೆ ತೂಕದ ಶಿಶುವಿನ ಅಕ್ಷಿಪಟಲವನ್ನು 30 ದಿನದೊಳಗೆ ಪರೀಕ್ಷಿಸಬೇಕು.

ಅವಸರ ಬೇಡದವು

ಮದ್ರಾಸ್ ಐ ಎನ್ನುವ ಕೆಂಗಣ್ಣು 2023ರ ಮಳೆಗಾಲದಲ್ಲಿ ರಾಜ್ಯವಿಡೀ ಹರಡಿತ್ತು. ಇದು ನೋಡಿದರೆ ಅಂಟುವುದಿಲ್ಲ, ಕೈ, ಟವೆಲು, ದಿಂಬಿನ ಮೂಲಕ ಅಂಟುತ್ತದೆ. ಕೈ ತೊಳೆಯಿರಿ, ಕಣ್ಣು ಉಜ್ಜಬೇಡಿ. ನೋವು ಹೆಚ್ಚಾದರೆ, ದೃಷ್ಟಿ ಮಂಜಾದರೆ ಮಾತ್ರ ಇದನ್ನು ಸಾಮಾನ್ಯ ಕೆಂಗಣ್ಣೆಂದು ತಿಳಿಯಬೇಡಿ. ನವಜಾತ ಶಿಶುವಿನ ಕಣ್ಣಲ್ಲಿ ಕೀವು ಬಂದರೆ ಅದೇ ದಿನ ಹೋಗಿರಿ. ರೆಪ್ಪೆಯ ಕುರುವಿಗೆ ದಿನಕ್ಕೆ ಮೂರು ನಾಲ್ಕು ಬಾರಿ ಬಿಸಿ ಬಟ್ಟೆಯ ಶಾಖ ಸಾಕು. 40 ದಾಟಿದಾಗ ಓದಲು ಚಾಳೀಸು ಬೇಕಾಗುವುದು ಕಾಯಿಲೆಯಲ್ಲ. ಬಿಸಿಲು, ಗಾಳಿಯಲ್ಲಿ ದುಡಿಯುವ ಮೀನುಗಾರರಿಗೂ ರೈತರಿಗೂ ಮೂಗಿನ ಬದಿಯಿಂದ ಬೆಳೆಯುವ ಮಾಂಸದ ಪೊರೆಯನ್ನು ಅನುಕೂಲದ ದಿನ ತೋರಿಸಿದರಾಯಿತು.

ಎಲ್ಲಿಗೆ ಹೋಗುವುದು?

ಮೊದಲು ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆ. ಸರಕಾರಿ ಆಸ್ಪತ್ರೆಗಳಲ್ಲಿ ಪೊರೆ ಶಸ್ತ್ರಚಿಕಿತ್ಸೆ ಉಚಿತ. ಮಾಸ್ತಿಯವರಿಗೆ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ, ತಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ, 1896ರಲ್ಲಿ ಆರಂಭವಾದ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಇವೆ. ನಮ್ಮವರಿಗೆ ಮಂಗಳೂರಿನ ವೆನ್ಲಾಕ್, ಫಾದರ್ ಮುಲ್ಲರ್ ಆಸ್ಪತ್ರೆಗಳಿವೆ. ಡಾ. ಎಂ.ಸಿ. ಮೋದಿಯವರು (1916–2005) ಊರೂರಿಗೆ ಹೋಗಿ ಶಿಬಿರದಲ್ಲೇ ಪೊರೆ ತೆಗೆಯುತ್ತಿದ್ದುದನ್ನು ಹಿರಿಯರು ನೆನೆಯುತ್ತಾರೆ. ಈಗ ಶಿಬಿರದಲ್ಲಿ ತಪಾಸಣೆ ಮಾತ್ರ. ಸೋಂಕಿನ ಭಯದಿಂದ ಶಸ್ತ್ರಚಿಕಿತ್ಸೆಯನ್ನು ಆಸ್ಪತ್ರೆಯಲ್ಲೇ ಮಾಡುತ್ತಾರೆ. ಹೀಗಾಗಿ ಶಿಬಿರದಲ್ಲಿ ಚೀಟಿ ಪಡೆದ ಹಿರಿಯರು ಜೊತೆಗೆ ಬರುವವರಿಲ್ಲದೆ ಮನೆಯಲ್ಲೇ ಉಳಿಯಬಾರದು.

ನಮ್ಮ ವಾಳೆಯ ಗುರಿಕಾರರು ಮತ್ತು ಯುವಜನರು ಇಲ್ಲಿ ನೆರವಾಗಬಹುದು. ಮನೆ ಭೇಟಿಯ ವೇಳೆ ಒಂಟಿಯಾಗಿರುವ ಅಜ್ಜ ಅಜ್ಜಿಯರಿಗೆ ಕ್ಯಾಲೆಂಡರ್ ಪರೀಕ್ಷೆ ಮಾಡಿಸಿರಿ. ಕಪಾಟಿನಲ್ಲಿರುವ ಹಳೆಯ ಹನಿ ಮದ್ದುಗಳನ್ನು ಎಸೆಯಲು ಹೇಳಿರಿ. ಅಗತ್ಯವಿದ್ದವರ ಜೊತೆ ಒಂದು ದಿನ ಬಸ್ಸು ಹತ್ತಿರಿ.