ಮೌತ್‌ಗಾರ್ಡ್

ಮೌತ್‌ಗಾರ್ಡ್ ಎಂಬುದು ಆಟದ ವೇಳೆ ಬೀಳಬಹುದಾದ ಪೆಟ್ಟಿನಿಂದ ಹಲ್ಲು, ವಸಡು, ತುಟಿ ಮತ್ತು ದವಡೆಗಳನ್ನು ಕಾಪಾಡಲು, ಸಾಮಾನ್ಯವಾಗಿ ಮೇಲಿನ ಹಲ್ಲುಸಾಲಿನ ಮೇಲೆ ಧರಿಸುವ ಮೆತ್ತನೆಯ ಕವಚ. ಬಾಕ್ಸಿಂಗ್ ಆಡುವವರು ಇದನ್ನು ಗಮ್‌ಶೀಲ್ಡ್ ಎಂದೂ ಕರೆಯುತ್ತಾರೆ. ಬಿಸಿಯಾದಾಗ ಮೆದುವಾಗಿ, ತಣಿದ ಮೇಲೆ ತಾಳಿದ ಆಕಾರವನ್ನು ಉಳಿಸಿಕೊಳ್ಳುವ ಥರ್ಮೋಪ್ಲಾಸ್ಟಿಕ್‌ನಿಂದ ಇದನ್ನು ತಯಾರಿಸಲಾಗುತ್ತದೆ. ಇಂದು ಹೆಚ್ಚಾಗಿ ಬಳಸುವ ವಸ್ತು ಎಥಿಲೀನ್ ವಿನೈಲ್ ಅಸಿಟೇಟ್, ಸಂಕ್ಷೇಪವಾಗಿ ಇವಿಎ. ಕವಚದ ಉಪಯುಕ್ತತೆಯು ಅದರ ಬೆಲೆಗಿಂತ ಹೆಚ್ಚಾಗಿ ಹಲ್ಲಿಗೆ ಅದು ಹೊಂದಿಕೊಳ್ಳುವ ರೀತಿಯನ್ನು ಅವಲಂಬಿಸಿದೆ.

ಇತಿಹಾಸ

1890ರಲ್ಲಿ ಲಂಡನ್ನಿನ ದಂತವೈದ್ಯ ವುಲ್ಫ್ ಕ್ರಾಸ್, ಬಾಕ್ಸಿಂಗ್ ಪಟುಗಳ ತುಟಿ ಸೀಳುವುದನ್ನು ತಡೆಯಲು ಗಟಾಪರ್ಚಾ ಎಂಬ ಮರದ ಅಂಟಿನ ಪಟ್ಟಿಗಳನ್ನು ಹಲ್ಲಿನ ಮೇಲೆ ಕೂರಿಸಿದನು. ಅವನ ಮಗ ಫಿಲಿಪ್ ಕ್ರಾಸ್ ಇದನ್ನು ಸುಧಾರಿಸಿದನು. ಕವಚವನ್ನು ಪಂದ್ಯಗಳಲ್ಲಿ ಬಳಸಿದ ಮೊದಲಿಗರಲ್ಲಿ ಇಂಗ್ಲೆಂಡಿನ ಟೆಡ್ ‘ಕಿಡ್’ ಲೂಯಿಸ್ ಒಬ್ಬನು. 1947ರಲ್ಲಿ ಲಾಸ್ ಏಂಜಲೀಸ್‌ನ ದಂತವೈದ್ಯ ರಾಡ್ನಿ ಲಿಲಿಕ್ವಿಸ್ಟ್ ಅಕ್ರಿಲಿಕ್‌ನಿಂದ ತೆಳುವಾದ ಕವಚವನ್ನು ರೂಪಿಸಿದ ಮೇಲೆ, ಬಾಕ್ಸಿಂಗ್ ಕಣದ ಹೊರಗಿನ ಆಟಗಳಿಗೂ ಇದು ಹಬ್ಬಿತು.

ಬೆಂಗಳೂರಿನಲ್ಲಿ

ಬೆಂಗಳೂರು ದಂಡು ಪ್ರದೇಶದಲ್ಲಿ ಹಾಕಿ, ಫುಟ್‌ಬಾಲ್, ಬಾಕ್ಸಿಂಗ್ ಆಟಗಳು ಬೇರೂರಲು ಸೈನ್ಯದ ನೆಲೆಯೇ ಮುಖ್ಯ ಕಾರಣ. ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಕೇಂದ್ರವು ಹಲಸೂರು ಕೆರೆಯ ಬಳಿ ಇದೆ. ಹಲಸೂರಿಗೆ ಸೇರಿದಂತಿರುವ ಗೌತಮಪುರವು ಫುಟ್‌ಬಾಲ್ ಆಟಗಾರರ ನೆಲೆಯೆಂದು ಹೆಸರಾಗಿದೆ. ಅಲ್ಲಿ ಪೆಲೆಯ ಪ್ರತಿಮೆಯೂ ಉಂಟು. ಅಕ್ಕಿತಿಮ್ಮನಹಳ್ಳಿಯಲ್ಲಿ ರಾಜ್ಯದ ಪ್ರಮುಖ ಹಾಕಿ ಕ್ರೀಡಾಂಗಣವಿದೆ. ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ. ಗೋಲ್‌ಕೀಪರನಿಗೆ ಶಿರಸ್ತ್ರಾಣವಿದ್ದರೂ ಉಳಿದವರು ಸಾಮಾನ್ಯವಾಗಿ ಬರಿಮುಖದಲ್ಲಿಯೇ ಆಡುತ್ತಾರೆ. ಮೊಣಕಾಲಿಗೆ ಪ್ಯಾಡ್ ಕೊಡಿಸುವ ಪೋಷಕರು ಹಲ್ಲನ್ನು ಮರೆಯುವುದು ವಿಚಿತ್ರವೇ ಸರಿ. ಚರ್ಮ ಮತ್ತೆ ಕೂಡಿಕೊಳ್ಳುತ್ತದೆ, ಶಾಶ್ವತ ಹಲ್ಲು ಮತ್ತೆ ಹುಟ್ಟುವುದಿಲ್ಲ.

ವಿಧಗಳು

ಮೌತ್‌ಗಾರ್ಡ್‌ಗಳಲ್ಲಿ ಮೂರು ಬಗೆ. ಸಿದ್ಧ ಕವಚವು ಯಾರ ಹಲ್ಲಿಗೂ ಸರಿಯಾಗಿ ಕೂರದು. ಬಾಯಿ ಬಿಟ್ಟರೆ ಕಳಚುತ್ತದೆ, ಹಲ್ಲು ಕಚ್ಚಿಯೇ ಹಿಡಿದಿರಬೇಕಾದ್ದರಿಂದ ಮಾತಿಗೂ ಉಸಿರಾಟಕ್ಕೂ ಅಡ್ಡಿ. ಬಿಸಿನೀರಿನಲ್ಲಿ ಮೆದುಮಾಡಿ ಕಚ್ಚಿ ಹೊಂದಿಸಿಕೊಳ್ಳುವ ಕವಚವು ಆಟದ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ದೊರೆಯುತ್ತದೆ. ದಂತವೈದ್ಯರು ಹಲ್ಲಿನ ಅಚ್ಚು ತೆಗೆದು ಮಾಡಿಕೊಡುವುದು ಮೂರನೆಯದು ಹಾಗೂ ಉತ್ತಮವಾದುದು.

ಮನೆಯಲ್ಲಿ ಹೊಂದಿಸುವ ಕ್ರಮ

ಮೊದಲು ಕವಚವನ್ನು ತಣ್ಣಗಿರುವಾಗಲೇ ಬಾಯಲ್ಲಿಟ್ಟು ಅಳತೆ ನೋಡಬೇಕು. ಹಿಂತುದಿ ಓಕರಿಕೆ ತರಿಸುವಷ್ಟು ಉದ್ದವಿದ್ದರೆ ಕತ್ತರಿಯಿಂದ ಸ್ವಲ್ಪಸ್ವಲ್ಪವೇ ತೆಗೆಯಬಹುದು; ಆದರೆ ಹಿಂದಿನ ದವಡೆಹಲ್ಲುಗಳ ಮೇಲೆ ಅದು ಚಾಚಿರಲೇಬೇಕು. ಅನಂತರ ನೀರನ್ನು ಕುದಿಸಿ, ಒಲೆ ಆರಿಸಿ, ಪೊಟ್ಟಣದ ಮೇಲೆ ಸೂಚಿಸಿರುವಷ್ಟು ಸೆಕೆಂಡು ಮಾತ್ರ ಕವಚವನ್ನು ಅದರಲ್ಲಿ ಮುಳುಗಿಸಬೇಕು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ; ಇವಿಎ ಅದಕ್ಕಿಂತ ಕಡಿಮೆ ಶಾಖದಲ್ಲಿಯೇ ಮೆದುವಾಗುವುದರಿಂದ ಇದು ತೊಡಕಾಗದು.

ಚಮಚದಿಂದ ಹೊರತೆಗೆದ ಕವಚವನ್ನು ಒಂದೆರಡು ಸೆಕೆಂಡು ತಣ್ಣೀರಿಗೆ ಮುಟ್ಟಿಸಿದ ಬಳಿಕವೇ ಬಾಯಿಗಿಡಬೇಕು, ಇಲ್ಲವಾದರೆ ವಸಡು ಸುಡುತ್ತದೆ. ಕನ್ನಡಿಯ ಮುಂದೆ ನಿಂತು ಕವಚದ ನಡುಭಾಗವನ್ನು ಎರಡು ಬಾಚಿಹಲ್ಲುಗಳ ನಡುವಿನ ಗೆರೆಗೆ ಸರಿಹೊಂದಿಸಿ, ಹಗುರವಾಗಿ ಕಚ್ಚಿ, ಗಾಳಿಯನ್ನು ಒಳಕ್ಕೆ ಹೀರುತ್ತ, ತುಟಿ ಕೆನ್ನೆಗಳ ಹೊರಗಿನಿಂದ ಬೆರಳುಗಳಿಂದಲೂ ಅಂಗುಳದ ಕಡೆಯಿಂದ ನಾಲಗೆಯಿಂದಲೂ ಒತ್ತಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ಬಲವಾಗಿ ಕಚ್ಚಿದರೆ ಮೆದುವಾದ ವಸ್ತು ಹಲ್ಲಿನಡಿಯಿಂದ ಜಾರಿ, ಪೆಟ್ಟನ್ನು ಹೀರಬೇಕಾದ ಜಾಗವೇ ಕಾಗದದಂತೆ ತೆಳುವಾಗುತ್ತದೆ. ಆಕಾರ ಕೂತ ಮೇಲೆ ತಣ್ಣೀರಿನಲ್ಲಿ ಗಟ್ಟಿಮಾಡಬೇಕು. ಪದೇ ಪದೇ ಬಿಸಿಮಾಡಿದರೆ ದಪ್ಪ ಮತ್ತಷ್ಟು ಕುಗ್ಗುವುದರಿಂದ, ಎರಡನೆಯ ಯತ್ನಕ್ಕೂ ಕೂರದಿದ್ದರೆ ಹೊಸದನ್ನು ಕೊಳ್ಳುವುದು ಮೇಲು.

ದಂತವೈದ್ಯರಲ್ಲಿ ತಯಾರಿಕೆ

ವೈದ್ಯರು ಮೊದಲು ಹುಳುಕು, ಸಡಿಲ ಹಲ್ಲು, ವಸಡಿನ ಬಾವು ಇವೆಯೇ ಎಂದು ಪರೀಕ್ಷಿಸುತ್ತಾರೆ. ಬಳಿಕ ಕಡಲಪಾಚಿಯಿಂದ ದೊರೆಯುವ ಆಲ್ಜಿನೇಟ್ ಪುಡಿಯನ್ನು ನೀರಿನಲ್ಲಿ ಕಲಸಿ, ಟ್ರೇನಲ್ಲಿ ತುಂಬಿ ಅಚ್ಚು ತೆಗೆಯುತ್ತಾರೆ. ಈ ಅಚ್ಚು ಒಣಗಿದಂತೆಲ್ಲ ಕುಗ್ಗುವುದರಿಂದ ತಡಮಾಡದೆ ಅದರಲ್ಲಿ ಜಿಪ್ಸಮ್ ಗಾರೆಯನ್ನು ಸುರಿದು ಹಲ್ಲುಸಾಲಿನ ಪ್ರತಿರೂಪವನ್ನು ಪಡೆಯಬೇಕು. ಕಾಯಿಸಿ ಜೋತುಬಿದ್ದ ಇವಿಎ ಹಾಳೆಯನ್ನು ನಿರ್ವಾತ ಯಂತ್ರವು ಆ ಪ್ರತಿರೂಪದ ಮೇಲೆ ಎಳೆದು ಅಂಟಿಸುತ್ತದೆ. ಎಳೆಯುವಾಗ ಹಾಳೆ ಗಣನೀಯವಾಗಿ ತೆಳುವಾಗುವುದರಿಂದ, ಹೆಚ್ಚು ಒತ್ತಡದಲ್ಲಿ ಎರಡು ಪದರಗಳನ್ನು ಬೆಸೆಯುವ ವಿಧಾನವೂ ಬಳಕೆಯಲ್ಲಿದೆ. ಸಾಮಾನ್ಯವಾಗಿ ಸೂಚಿಸುವ ದಪ್ಪವು ತುಟಿಯ ಕಡೆ 3 ಮಿ.ಮೀ., ಕಚ್ಚುವ ಮೇಲ್ಮೈಯಲ್ಲಿ 2 ಮಿ.ಮೀ., ಅಂಗುಳದ ಕಡೆ 1 ಮಿ.ಮೀ. ಕೊನೆಗೆ ಅಂಚುಗಳನ್ನು ಕತ್ತರಿಸಿ ನಯಗೊಳಿಸಿ, ತುಟಿಯನ್ನು ವಸಡಿಗೆ ಸೇರಿಸುವ ಎಳೆಗೆ ತಾಗದಂತೆ ಅಲ್ಲಿ ಕಚ್ಚು ಬಿಡುತ್ತಾರೆ.

ಹೊಂದಿಕೆಯ ಪರೀಕ್ಷೆ

ಬಾಯಿ ತೆರೆದಾಗಲೂ ಕವಚ ಕೆಳಗೆ ಬೀಳಬಾರದು. ನೀರು ಕುಡಿಯಲು, ಅರ್ಥವಾಗುವಂತೆ ಮಾತನಾಡಲು ಬರಬೇಕು. ಕೆಳಹಲ್ಲುಗಳು ಎರಡೂ ಬದಿಯಲ್ಲಿ ಸಮನಾಗಿ ತಾಗಬೇಕು. ಹಾಲುಹಲ್ಲು ಬಿದ್ದು ಶಾಶ್ವತ ಹಲ್ಲು ಬರುತ್ತಿರುವ ಮಕ್ಕಳಿಗೆ ಕವಚವನ್ನು ಆಗಾಗ ಬದಲಾಯಿಸಬೇಕಾಗುತ್ತದೆ. ಹಲ್ಲಿಗೆ ತಂತಿ ಹಾಕಿಸಿಕೊಂಡಿರುವವರು ಮನೆಯಲ್ಲಿ ಅಚ್ಚು ಹೊಂದಿಸಲು ಹೋಗಬಾರದು; ಮೆದುವಾದ ಪ್ಲಾಸ್ಟಿಕ್ ತಂತಿಗೆ ಸಿಕ್ಕಿಕೊಳ್ಳಬಹುದು. ಹವ್ಯಾಸಿ ಬಾಕ್ಸಿಂಗ್‌ನಲ್ಲಿ ಕೆಂಪು ಬಣ್ಣದ ಕವಚಕ್ಕೆ ಅವಕಾಶವಿಲ್ಲ, ಏಕೆಂದರೆ ರಕ್ತಸ್ರಾವ ಕಾಣದೆ ಹೋಗಬಹುದು.

ನಿರ್ವಹಣೆ ಮತ್ತು ಮಿತಿಗಳು

ಬಳಸಿದ ಮೇಲೆ ತಣ್ಣೀರಿನಲ್ಲಿ ತೊಳೆದು, ಗಾಳಿಯಾಡುವ ಡಬ್ಬಿಯಲ್ಲಿಡಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಆಕಾರ ಕೆಡುತ್ತದೆ. ಹರಿದ ಅಥವಾ ಅಗಿದು ತೂತಾದ ಕವಚವನ್ನು ಬಳಸಬಾರದು. ಮೌತ್‌ಗಾರ್ಡ್ ಹಲ್ಲಿನ ಗಾಯವನ್ನು ತಗ್ಗಿಸುತ್ತದೆ. ತಲೆಗೆ ಬಿದ್ದ ಪೆಟ್ಟಿನಿಂದ ಮೆದುಳಿಗಾಗುವ ಆಘಾತವನ್ನು ತಡೆಯುತ್ತದೆಂಬುದು ಖಚಿತವಾಗಿ ಸಿದ್ಧಪಟ್ಟಿಲ್ಲ.

ಕವಚವಿಲ್ಲದೆ ಆಡುವಾಗ ಶಾಶ್ವತ ಹಲ್ಲು ಬುಡಸಹಿತ ಕಿತ್ತುಬಂದರೆ, ಬೇರನ್ನು ಮುಟ್ಟದೆ ತಲೆಭಾಗವನ್ನು ಹಿಡಿದೆತ್ತಿ, ಮಣ್ಣಿದ್ದರೆ ತುಸು ತೊಳೆದು, ಸಾಧ್ಯವಾದರೆ ಅದೇ ಗುಳಿಯಲ್ಲಿ ಕೂರಿಸಬೇಕು. ಆಗದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿ, ಅರ್ಧ ಗಂಟೆಯೊಳಗೆ ದಂತವೈದ್ಯರನ್ನು ತಲುಪಲು ಯತ್ನಿಸಬೇಕು. ಹಾಲುಹಲ್ಲನ್ನು ಹೀಗೆ ಮರಳಿ ಕೂರಿಸಬಾರದು.